ಸುರಪುರದ ಗುಡ್ಡದ ಮೇಲೊಂದು ‘ಟೇಲರ್ ಮಂಜಿಲ್’

ನಾರಾಯಣಪುರಕ್ಕೆ ಬರುವ ಪ್ರವಾಸಿಗರು ಬಸವಸಾಗರ ಜಲಾಶಯವನ್ನು ನೋಡಿ, ಛಾಯಾ ಭಗವತಿಯ ದರ್ಶನ ಮುಗಿಸಿ ಅಂದೇ ಹಿಂದಿರುಗುವುದುಂಟು. ಹುಣಸಗಿಯ ದಾರಿಯಾಗಿ ಸುರಪುರಕ್ಕೆ ಹೋಗಿ ಒಂದು ದಿನ ತಂಗಿದರೆ ಈ ಸೀಮೆಯ ಚರಿತ್ರೆಯ ಮುಖ್ಯ ಅಧ್ಯಾಯವೊಂದು ತೆರೆದುಕೊಳ್ಳುತ್ತದೆ.

ಗುಡ್ಡಗಳ ನಡುವಿನ ಸುರಪುರ ಬೇಡ ನಾಯಕರ ರಾಜಧಾನಿಯಾಗಿತ್ತು. 1705ರಲ್ಲಿ ಔರಂಗಜೇಬ ತಾನೇ ದಂಡೆತ್ತಿ ಬಂದು ಪಿಡ್ಡನಾಯಕನ ವಾಗಣಗೇರಾ ಕೋಟೆಯನ್ನು ಹಿಡಿದ. ಮೊಗಲ್ ಚಕ್ರವರ್ತಿಯ ಕೊನೆಯ ಮುತ್ತಿಗೆ ಅದು. ಕೋಟೆ ಹೋದರೂ ನಾಯಕರು ಅಳಿಯಲಿಲ್ಲ. ಸುರಪುರದಲ್ಲಿ ಮತ್ತೆ ನೆಲೆಯೂರಿದರು.

ಈ ಊರಿಗೆ 1841ರಲ್ಲಿ ಬಂದವನು ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, ನಿಜಾಮನ ಸೈನ್ಯ ಸೇರಿದ್ದ ಈತ ಠಗ್ಗರ ಕುರಿತ ಕಾದಂಬರಿಯಿಂದ 1839ರಲ್ಲೇ ಹೆಸರಾಗಿದ್ದ. ದೊರೆ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ಆಡಳಿತದ ಮೇಲ್ವಿಚಾರಣೆ ಟೇಲರನ ಕೈಗೆ ಬಂತು. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯೇ ‘ಟೇಲರ್ ಮಂಜಿಲ್’. ಅದು ಮುಂದೆ ಸರ್ಕಾರಿ ಅತಿಥಿಗೃಹವಾಗಿಯೂ ಬಳಕೆಯಾಯಿತು.

1853ರವರೆಗೆ ಇಲ್ಲಿದ್ದ ಟೇಲರ್ ಸುತ್ತಲಿನ ನೆಲವನ್ನು ಕುತೂಹಲದಿಂದ ನೋಡಿದ. ನಾರಾಯಣಪುರದ ಕಡೆಗಿರುವ ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವನೂ ಅವನೇ. ಬಾಲಕ ದೊರೆಗೆ ಅವನ ಮೇಲೆ ಬಹಳ ಸಲಿಗೆ. ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ.

ಆದರೆ ಆ ಅಪ್ಪನ ಹಿಂದೆ ಇದ್ದುದು ಬ್ರಿಟಿಷರ ಅಧಿಕಾರ. 1858ರ ಫೆಬ್ರವರಿಯಲ್ಲಿ ತರುಣ ವೆಂಕಟಪ್ಪನಾಯಕ ಅದರ ವಿರುದ್ಧ ಎದ್ದ. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದ. ಹೈದರಾಬಾದಿಗೆ ಹೋದ ದೊರೆ ಸೆರೆ ಸಿಕ್ಕ. ಸೆರೆಯಲ್ಲಿ ಭೇಟಿಯಾದ ಟೇಲರನ ಮುಂದೆಯೂ ತನಗೆ ನೆರವಾದವರ ಹೆಸರು ಹೇಳಲು ಒಪ್ಪಲಿಲ್ಲ. ಮರಣದಂಡನೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತಾದರೂ, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಅವನು ಬಲಿಯಾದ. ಅದು ಆತ್ಮಹತ್ಯೆಯೋ, ಆಕಸ್ಮಿಕವೋ ಎಂಬ ಚರ್ಚೆ ಉಳಿದುಕೊಂಡಿದೆ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಇಷ್ಟೆಲ್ಲ ವಿವರ ನಮಗೆ ಸಿಗುವುದು ಬಹುಮಟ್ಟಿಗೆ 1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯಿಂದ. ಅದರಲ್ಲಿ ಅವನು ದೊರೆಯ ತಾಯಿ ಈಶ್ವರಮ್ಮನನ್ನು ಕಟುವಾಗಿ ಚಿತ್ರಿಸಿದ್ದಾನೆ. ಪರಾಧಿಕಾರಿಯೊಬ್ಬ ತನ್ನ ಸಂಸ್ಥಾನವನ್ನೂ ಮಗನನ್ನೂ ಕೈಗೆ ತೆಗೆದುಕೊಂಡಾಗ ಆ ತಾಯಿಗೆ ಏನನ್ನಿಸಿತೆಂದು ಹೇಳುವ ಅಂಥ ಪುಸ್ತಕ ನಮ್ಮ ಕೈಯಲ್ಲಿಲ್ಲ. ಟೇಲರನ ಪ್ರೀತಿ ಸುಳ್ಳೆಂದು ಹೇಳಬೇಕಾಗಿಲ್ಲ. ಆದರೆ ಆಳಲು ಬಂದವನ ಪ್ರೀತಿಗೂ ಆಳಿಸಿಕೊಂಡವರ ಅನುಭವಕ್ಕೂ ಅಂತರವಿರುತ್ತದೆ.

ಆದ್ದರಿಂದ ಸುರಪುರಕ್ಕೆ ಹೋದವರು ಮಂಜಿಲನ್ನಷ್ಟೇ ನೋಡಿ ಗುಡ್ಡ ಇಳಿಯಬಾರದು. ನಾಯಕರ ಅರಮನೆಯ ಕಡೆಗೂ, ಊರೊಳಗಿನ ಓಣಿಗಳಿಗೂ ಹೋಗಬೇಕು. ಹಿರಿಯರು ವೆಂಕಟಪ್ಪನಾಯಕನ ಬಗ್ಗೆ ಏನು ಹೇಳುತ್ತಾರೆಂದು ಕೇಳಬೇಕು. ಪುಸ್ತಕ ಬಿಟ್ಟ ಮಾತುಗಳನ್ನು ಊರು ನೆನಪಿಟ್ಟಿರಬಹುದು.