ಲಿಫ್ಟ್ ಗುತ್ತಿಗೆದಾರರ ಮತ್ತು ಮೆಕ್ಯಾನಿಕ್‌ಗಳ ಪರವಾನಗಿ (ಕಲಬುರಗಿ, ಕಮಲಾಪುರ)

ಕರ್ನಾಟಕದಲ್ಲಿ ಲಿಫ್ಟ್ ಅಳವಡಿಸಲು, ಓಡಿಸಲು ಅನುಮತಿ ಕಡ್ಡಾಯ. 2012ರ ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್ ಅಧಿನಿಯಮದಡಿ ವಿದ್ಯುತ್ ಪರಿವೀಕ್ಷಣಾಲಯ ಇದನ್ನು ನೋಡಿಕೊಳ್ಳುತ್ತದೆ. ಕಲಬುರಗಿಯ ಆಸ್ಪತ್ರೆಗೂ ಕಮಲಾಪುರದ ವಸತಿಗೃಹಕ್ಕೂ ಕಾನೂನು ಒಂದೇ. ಆದರೆ ಯಂತ್ರಕ್ಕೆ ಸಿಕ್ಕ ಅನುಮತಿ ಅದನ್ನು ರಿಪೇರಿ ಮಾಡುವವರ ಕೌಶಲಕ್ಕೆ ಖಾತರಿಯಾಗದು. ವೈರ್‌ಮನ್ ಪರ್ಮಿಟ್ ಅದನ್ನು ಪಡೆದವನು ವೈರಿಂಗ್ ಬಲ್ಲನೆಂಬುದಕ್ಕೆ ಸಾಕ್ಷಿ; ಉಕ್ಕಿನ ಹಗ್ಗದ ಎಳೆ ಹರಿದಿದೆಯೇ, ಬ್ರೇಕ್ ಲೈನಿಂಗ್ ಸವೆದಿದೆಯೇ ಎಂದು ಗುರುತಿಸುವುದು ಬೇರೆಯೇ ವಿದ್ಯೆ. ಬಾಗಿಲು ತೆರೆದಿದ್ದಾಗ ಲಿಫ್ಟನ್ನು ತಡೆಯುವ ಇಂಟರ್‌ಲಾಕ್‌ಗೆ ತುಂಡು ತಂತಿ ಜೋಡಿಸಿ ಕೆಟ್ಟ ಲಿಫ್ಟನ್ನು ಓಡಿಸಿಬಿಡುವುದು ಸುಲಭ. ಬಾಗಿಲು ತೆರೆದಿರುವಾಗಲೇ ಅದು ಹೊರಟರೆ ಪ್ರಾಣಕ್ಕೇ ಸಂಚಕಾರ. ಅದಕ್ಕೇ ಲಿಫ್ಟ್ ರಿಪೇರಿಗೆ ಪ್ರತ್ಯೇಕ ಪರವಾನಗಿ ಬೇಕು.

ಲಿಫ್ಟುಗಳೇ ವಿರಳವಾದ ಕಮಲಾಪುರದಂಥ ಊರಲ್ಲಿ ಪ್ರತ್ಯೇಕ ಪರವಾನಗಿ ಕೇಳಿದರೆ ಕೆಲಸಗಾರರೇ ಸಿಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ದಾರಿಯಿದೆ: ಐಟಿಐಗಳಿಗೆ ಲಿಫ್ಟ್ ಮತ್ತು ಎಸ್ಕಲೇಟರ್ ಮೆಕ್ಯಾನಿಕ್ ಪಠ್ಯಕ್ರಮ ಈಗಾಗಲೇ ಇದೆ. ಅನುಭವಿ ವೈರ್‌ಮನ್‌ಗಳಿಗೆ ಅದರಿಂದಲೇ ಕಿರು ತರಬೇತಿ, ಪ್ರಾಯೋಗಿಕ ಪರೀಕ್ಷೆ ಕೊಟ್ಟು ಪರ್ಮಿಟ್‌ನಲ್ಲಿ ನಮೂದಿಸಬಹುದು. ನಿರ್ವಹಣೆಯ ಗುತ್ತಿಗೆ ಹಿಡಿದವರು ಅಂಥವರನ್ನೇ ಕಳುಹಿಸಬೇಕು.