ಫಾಲಿಕಲ್

ಲ್ಯಾಟಿನ್ ಭಾಷೆಯಲ್ಲಿ 'ಫೋಲಿಸ್' ಎಂದರೆ ತೊಗಲಿನ ಚೀಲ. ಕಮ್ಮಾರನ ತಿದಿಗೂ ಅದೇ ಹೆಸರು. ಅದರ ಕಿರುರೂಪವಾದ 'ಫೋಲಿಕ್ಯುಲಸ್', ಅಂದರೆ ಪುಟ್ಟ ಚೀಲ, ಇಂದಿನ ಫಾಲಿಕಲ್‌ನ ಮೂಲ. ಕೂದಲಿನ ಬುಡದ ಗೂಡನ್ನೂ, ಒಂದೇ ಬದಿಗೆ ಸೀಳಿ ಅರಳೆಯಂಥ ಎಳೆಗಳ ಬೀಜ ತೂರುವ ಎಕ್ಕದ ಕಾಯಿಯನ್ನೂ ವಿಜ್ಞಾನ ಇದೇ ಪದದಿಂದ ಕರೆಯುತ್ತದೆ.

ಮೀನಿನ ಅಂಡಾಶಯದಲ್ಲಂತೂ ಈ ಹೆಸರು ಬಹಳ ಚೆನ್ನಾಗಿ ಹೊಂದುತ್ತದೆ. ಬೆಳೆಯುವ ಅಂಡವನ್ನು ಗ್ರಾನುಲೋಸಾ ಕೋಶಗಳ ಪದರವೊಂದು ಸುತ್ತುವರಿದಿರುತ್ತದೆ. ಅದರಾಚೆ ಥೀಕಾ ಪದರ. ಯಕೃತ್ತಿನಲ್ಲಿ ತಯಾರಾದ ವೈಟೆಲ್ಲೋಜೆನಿನ್ ಎಂಬ ಪ್ರೋಟೀನು ರಕ್ತದ ಮೂಲಕ ಬಂದು ಅಂಡದೊಳಗೆ ಸೇರಿ ಭಂಡಾರವಾಗುತ್ತದೆ. ಜೀಬ್ರಾ ಮೀನಿನ ಅಂಡ ಹೀಗೆ ಉಬ್ಬುತ್ತ ಸುಮಾರು ಮುಕ್ಕಾಲು ಮಿಲಿಮೀಟರ್ ತಲುಪುತ್ತದೆ. ಒಳಗಿನದು ಉಬ್ಬಿದಂತೆ ಚೀಲವೂ ಹಿಗ್ಗಬೇಕಲ್ಲ! ಅದಕ್ಕೆಂದೇ ಗ್ರಾನುಲೋಸಾ ಕೋಶಗಳು ಒಂದು ಎರಡಾಗುತ್ತ, ಎರಡು ನಾಲ್ಕಾಗುತ್ತ ಹೆಚ್ಚುತ್ತವೆ. ಸ್ತನಿಗಳಲ್ಲಿ ಇವೇ ಕೋಶಗಳು ಹಲವು ಪದರಗಳಾಗಿ, ನಡುವೆ ದ್ರವ ತುಂಬಿದ ಕುಳಿಯೂ ಮೂಡುತ್ತದೆ. ಮೀನಿನಲ್ಲಿ ಕುಳಿಯಿಲ್ಲ, ಪದರ ಸಾಮಾನ್ಯವಾಗಿ ಒಂದೇ.

ಚೀಲ ಯಾವುದು, ಮೊಟ್ಟೆ ಯಾವುದು ಎಂಬ ಗೊಂದಲ ಬಹುಕಾಲ ಕಾಡಿತ್ತು. 1672ರಲ್ಲಿ ಡಚ್ ವೈದ್ಯ ರೆನಿಯರ್ ದ ಗ್ರಾಫ್ ಸ್ತನಿಗಳ ಫಾಲಿಕಲನ್ನೇ ಮೊಟ್ಟೆಯೆಂದು ಬಗೆದಿದ್ದ. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ನಾಯಿಯ ಅಂಡಾಶಯದಲ್ಲಿ ನಿಜವಾದ ಅಂಡವನ್ನು ಕಂಡ.

ಅಂಡ ಹೊರಬಿದ್ದ ಮೇಲೂ ಖಾಲಿ ಫಾಲಿಕಲ್ ಕೆಲಕಾಲ ಉಳಿಯುತ್ತದೆ. ಮೀನು ಇತ್ತೀಚೆಗೆ ಮೊಟ್ಟೆಯಿಟ್ಟಿದೆಯೇ ಎಂಬುದನ್ನು ಮತ್ಸ್ಯವಿಜ್ಞಾನಿಗಳು ಅದನ್ನು ನೋಡಿ ಗುರುತಿಸುತ್ತಾರೆ.