ಒಂಬತ್ತನೇ ದಿನದ ಲೆಕ್ಕ: ದುರ್ಗದ ಸೀಮೆಯ ಪಾನಮುಕ್ತಿ ಕೆಲಸದ ಹಿನ್ನೋಟ

ಜೂನ್ 26ರ ಮಾದಕವಸ್ತು ವಿರೋಧಿ ದಿನ ಬಂತೆಂದರೆ ಶಾಲಾ ಮಕ್ಕಳ ಜಾಥಾ ಹೊರಡುತ್ತದೆ. ಬ್ಯಾನರಿನಲ್ಲಿ ಸಿರಿಂಜಿನ ಚಿತ್ರ, ಭಾಷಣದಲ್ಲಿ ಗಾಂಜಾ, ಮಾತ್ರೆ, ಮಹಾನಗರದ ಪಾರ್ಟಿಗಳ ಮಾತು. ವ್ಯಸನವೆಂದರೆ ಕಾಲೇಜು ಹುಡುಗರಿಗೆ ಈಚೆಗೆ ಅಂಟಿದ ಪೇಟೆಯ ಪಿಡುಗು ಎಂಬಂತೆ ಮಾತಾಡುವುದು ಈಗ ರೂಢಿ. ಗಾಂಜಾ ಇಲ್ಲವೆಂದಲ್ಲ. ಆದರೆ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಮದ್ಯ ಸೇವಿಸುವವರು ಶೇ. 14.6, ಗಾಂಜಾ-ಭಂಗಿ ಬಳಸುವವರು ಶೇ. 2.8. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಹಳ್ಳಿಗಳಲ್ಲಿ ಸಂಸಾರ ಹಾಳುಮಾಡಿರುವುದು ಸರ್ಕಾರವೇ ಪರವಾನಗಿ ಕೊಟ್ಟು ಮಾರಿಸುವ ಕ್ವಾರ್ಟರು, ನೈಂಟಿ. ಅದರ ವಿರುದ್ಧ ಈ ಸೀಮೆಯ ಜನ ಮಾಡಿದ ಕೆಲಸಕ್ಕೂ ಒಂದು ಚರಿತ್ರೆಯಿದೆ. ಜಾಥಾದ ಭಾಷಣಗಳಲ್ಲಿ ಅದರ ಸುಳಿವೇ ಇರುವುದಿಲ್ಲ.

ಹೆಂಡ ಮಾರುತ್ತಿದ್ದವನು ಶರಣನಾದ ಹೆಂಡದ ಮಾರಯ್ಯನ ಕಥೆಯಿಂದಲೇ ಶುರು ಮಾಡುವವರಿದ್ದಾರೆ. ನಾನು ಅಷ್ಟು ಹಿಂದೆ ಹೋಗುವುದಿಲ್ಲ. ನಮ್ಮ ಮಟ್ಟಿಗೆ ಮೊದಲ ಗುರುತು 1939ರ ತುರುವನೂರು. ಅಲ್ಲಿನ ಅರಣ್ಯ ಸತ್ಯಾಗ್ರಹದಲ್ಲಿ ಜನ ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದರು. ಹೆಂಡದ ಮೂಲಕ್ಕೂ ಸರ್ಕಾರದ ಆದಾಯಕ್ಕೂ ಒಟ್ಟಿಗೆ ಬಿದ್ದ ಪೆಟ್ಟು ಅದು. ಮುಂದಾಳು ಎಸ್. ನಿಜಲಿಂಗಪ್ಪ. 1967ರಲ್ಲಿ ಹೊಸ ಅಬಕಾರಿ ಕಾಯ್ದೆ ಜಾರಿಗೆ ಬಂದು ರಾಜ್ಯದ ಪಾನನಿರೋಧ ಕೊನೆಗೊಂಡಾಗ ಮುಖ್ಯಮಂತ್ರಿಯಾಗಿದ್ದವರೂ ಅವರೇ. ವ್ಯಕ್ತಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಬೊಕ್ಕಸದ ಕುರ್ಚಿಯಲ್ಲಿ ಕೂತ ಯಾರಿಗೂ ಈಚಲು ಮರ ಕಡಿಯುವುದು ಸುಲಭವಲ್ಲ.

ಆಮೇಲಿನ ಕೆಲವು ವರ್ಷ ಸಪ್ಪೆ. 1975ರಲ್ಲಿ ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದು ದೊಡ್ಡ ಘಟನೆ. ಅವರು ಹುಟ್ಟಿದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ. ನೈತಿಕ ಮನವಿಗೆ ಅಷ್ಟು ಶಕ್ತಿಯಿದೆ ಎಂದು ತೋರಿಸಿದವರು ಅವರು. ಮನವಿಗೆ ಕರಗಿದವನ ಕೈ ಮರುದಿನ ಬೆಳಿಗ್ಗೆ ನಡುಗತೊಡಗಿದರೆ ಏನು ಮಾಡಬೇಕು ಎಂಬುದಕ್ಕೆ ಜೋಳಿಗೆಯಲ್ಲಿ ಉತ್ತರವಿರಲಿಲ್ಲ.

ಆ ಉತ್ತರದ ಹತ್ತಿರಕ್ಕೆ ಬಂದದ್ದು ಶಿಬಿರ. 1982ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಬೆಳೆದ ಜನಜಾಗೃತಿ ವೇದಿಕೆ, ಎಂಟು ದಿನದ ಮದ್ಯವರ್ಜನ ಶಿಬಿರಗಳನ್ನು ಕರಾವಳಿಯಿಂದ ಘಟ್ಟ ಹತ್ತಿಸಿ ಬಯಲುಸೀಮೆಗೂ ತಂದಿತು. ತಮಿಳುನಾಡಿನಲ್ಲಿ ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಲ್ಲಿ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಇಂಥದ್ದೇ ಹಾದಿ ತುಳಿದಿತ್ತು: ರೋಗಿ ಆಸ್ಪತ್ರೆಗೆ ಬರುವುದಿಲ್ಲ, ಚಿಕಿತ್ಸೆಯೇ ಊರಿಗೆ ಹೋಗಲಿ. ನಮ್ಮಲ್ಲೂ ಅದಕ್ಕೆ ಊರೇ ಕೈಜೋಡಿಸಬೇಕು. ಮೊದಲು ಸ್ಥಳೀಯ ವ್ಯವಸ್ಥಾಪನಾ ಸಮಿತಿ. ಅದರಲ್ಲಿ ಎಲ್ಲ ಪಕ್ಷದವರೂ ಎಲ್ಲ ಜಾತಿಯವರೂ ಇರಬೇಕು. ಸಮುದಾಯ ಭವನವೋ ಕಲ್ಯಾಣ ಮಂಟಪವೋ ಬಿಟ್ಟಿ ಸಿಗಬೇಕು. ಅಕ್ಕಿ ಒಬ್ಬರದು, ತರಕಾರಿ ಇನ್ನೊಬ್ಬರದು. ಶಿಬಿರಾರ್ಥಿಗೆ ಯೋಗ, ಭಜನೆ, ವೈದ್ಯರ ತಪಾಸಣೆ, ಆಪ್ತಸಮಾಲೋಚನೆ. ಒಂದು ದಿನ ಹೆಂಡತಿ ಮಕ್ಕಳು ಬಂದು ಎದುರು ಕೂರುತ್ತಾರೆ. ಆ ದಿನ ಸಭಾಂಗಣದಲ್ಲಿ ಇರುವ ಸ್ವಯಂಸೇವಕರಿಗೂ ತಲೆ ಎತ್ತಲು ಆಗುವುದಿಲ್ಲ.

ಇದನ್ನು 'ಭಜನೆ ಮಾಡಿಸಿ ಕುಡಿತ ಬಿಡಿಸುತ್ತಾರಂತೆ' ಎಂದು ನಗುವ ನಗರದ ವಿದ್ಯಾವಂತರನ್ನು ಬೇಕಾದಷ್ಟು ನೋಡಿದ್ದೇನೆ. ಅವರು ಶಿಬಿರದ ಎರಡನೇ, ಮೂರನೇ ರಾತ್ರಿಯನ್ನು ನೋಡಿಲ್ಲ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ನಡುಕ, ಬೆವರು ಬರುತ್ತದೆ, ಕೆಲವರಿಗೆ ಫಿಟ್ಸ್. ಎರಡು-ಮೂರು ದಿನದಲ್ಲಿ ಕೆಲವರು ಇಲ್ಲದ್ದನ್ನು ಕಂಡಂತೆ ಬಡಬಡಿಸುತ್ತಾರೆ. ಅದು ಪ್ರಾಣಕ್ಕೇ ಕುತ್ತು ತರಬಲ್ಲದು. ಥಯಾಮಿನ್ ಮತ್ತು ಶಾಮಕ ಮಾತ್ರೆ ಗೊತ್ತಿರುವ ವೈದ್ಯರಿಲ್ಲದ ಶಿಬಿರ ಪುಣ್ಯಕಾರ್ಯವಲ್ಲ, ಹುಚ್ಚು ಸಾಹಸ. ಗಂಡನಿಗೆ ತಿಳಿಯದಂತೆ ಸಾರಿಗೆ 'ಎಣ್ಣೆ ಬಿಡಿಸುವ ಪುಡಿ' ಬೆರೆಸುವುದೂ ಅಂಥದ್ದೇ. ಇಂಥ ಪುಡಿಯಲ್ಲಿ ಇರಬಹುದಾದ ಡೈಸಲ್ಫಿರಾಮ್ ಎಂಬ ಔಷಧ ಹೊಟ್ಟೆಯಲ್ಲಿರುವವನು ಕುಡಿದರೆ ರಕ್ತದೊತ್ತಡ ಕುಸಿದು ಅಪಾಯವಾಗಬಹುದು. ಅದನ್ನು ರೋಗಿಯ ಒಪ್ಪಿಗೆಯಿಲ್ಲದೆ ಕೊಡಲೇಬಾರದು.

ಶಿಬಿರಕ್ಕಿಂತ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಅದರ ನಂತರದ ನವಜೀವನ ಸಮಿತಿ. ಬಿಟ್ಟವರೇ ಬಿಟ್ಟವರ ಜೊತೆ ಕೂರುವುದು, ನೂರು ದಿನ ತುಂಬಿದಾಗ ಶತದಿನೋತ್ಸವ ಮಾಡುವುದು, ಸಭೆ ತಪ್ಪಿಸಿಕೊಂಡವನ ಮನೆಗೆ ಮರುದಿನವೇ ಹೋಗುವುದು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕಂಡುಕೊಂಡದ್ದೂ ಇದನ್ನೇ. ಆದರೆ ಅಲ್ಲಿ ಹೆಸರು ಹೇಳುವುದಿಲ್ಲ, ಇಲ್ಲಿ ಊರಿಗೇ ಗೊತ್ತು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಹಳ್ಳಿಯಲ್ಲಿ ಗುಟ್ಟಿಗಿಂತ ಊರಿನ ಕಣ್ಗಾವಲು ಹೆಚ್ಚು ಕೆಲಸ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಜಾರಿದವನನ್ನು ಅದೇ ಕಣ್ಗಾವಲು ಸುಟ್ಟುಬಿಡುವುದೂ ಉಂಟು.

ಈ ನಡುವೆ 2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ಹೆಂಗಸರು ನಿಟ್ಟುಸಿರು ಬಿಟ್ಟರು. ಕುಡಿಯುವವರು ಅಗ್ಗದ ವಿಸ್ಕಿಗೆ ಬದಲಾದರು, ಬಾಟಲಿ ಕಿರಾಣಿ ಅಂಗಡಿಯ ಹಿಂಬದಿಗೂ ಬಂತು. ಶಿಬಿರದಿಂದ ಮನೆಗೆ ಮರಳಿದವನು ಬೀಡಿ ತರಲು ಹೋದ ಅಂಗಡಿಯಲ್ಲೇ ಅದು ಸಿಗುತ್ತಿದ್ದರೆ ಸಮಿತಿ ತಾನೇ ಎಷ್ಟು ದಿನ ಹಿಡಿದಿಟ್ಟೀತು?

ಈ ಪ್ರಶ್ನೆಯನ್ನು ರಸ್ತೆಗೆ ತಂದವರು ಮಹಿಳೆಯರು. 2019ರ ಜನವರಿ 19ರಂದು ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ನಡೆಯತೊಡಗಿದರು. ಬಹುಪಾಲು ಕೂಲಿಯವರು, ರಾಯಚೂರಿನಂಥ ಜಿಲ್ಲೆಗಳಿಂದ ಬಂದವರು. ಹಿರಿಯೂರು, ಶಿರಾ, ತುಮಕೂರು ದಾಟಿ, ಇನ್ನೂರು ಕಿಲೋಮೀಟರ್ ಸವೆಸಿ, ಗಾಂಧೀಜಿ ತೀರಿಹೋದ ಜನವರಿ 30ರಂದು ಬೆಂಗಳೂರು ಸೇರಿದರು. ದಾರಿಯಲ್ಲಿ ವಾಹನ ಡಿಕ್ಕಿಯಾಗಿ ಒಬ್ಬಾಕೆ ಪ್ರಾಣ ಬಿಟ್ಟರು. ನಿಷೇಧ ಬರಲಿಲ್ಲ. 2024-25ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 38,525 ಕೋಟಿ ರೂಪಾಯಿ. ಪೂರ್ಣ ನಿಷೇಧ ನಡೆಯುತ್ತದೆಂಬ ನಂಬಿಕೆ ನನಗೂ ಇಲ್ಲ. ಮಹಾರಾಷ್ಟ್ರದಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಮಹಿಳೆಯರು ಬೇಡವೆಂದು ಮತ ಹಾಕಿದರೆ ಅಂಗಡಿ ಮುಚ್ಚಿಸುವ ಅವಕಾಶವಿದೆ. ಅಷ್ಟನ್ನಾದರೂ ನಮ್ಮ ಗ್ರಾಮಸಭೆಗೆ ಕೊಡಬಾರದೇಕೆ?

ಸರ್ಕಾರಿ ಆರೋಗ್ಯ ವ್ಯವಸ್ಥೆಯ ಪಾಲನ್ನು ಬೇಗ ಹೇಳಿ ಮುಗಿಸಬಹುದು. ಪಕ್ಕದ ಬಳ್ಳಾರಿಯಲ್ಲಿ 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ತಾಲ್ಲೂಕು ಆಸ್ಪತ್ರೆಗೆ ಬಂದದ್ದು ಒಳ್ಳೆಯದೇ. ಆದರೆ ಚಟ ಮಂಗಳವಾರಕ್ಕಾಗಿ ಕಾಯುವುದಿಲ್ಲ. ಅದೇ ರಾಷ್ಟ್ರೀಯ ಸಮೀಕ್ಷೆ ಹೇಳುವಂತೆ ಮದ್ಯವ್ಯಸನಿಗಳಲ್ಲಿ 38 ಜನರಿಗೆ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ. ಶಿಬಿರದವರು ಆಸ್ಪತ್ರೆಗೆ ಚೀಟಿ ಬರೆಯುವುದು, ಆಸ್ಪತ್ರೆಯವರು ಬಿಡುಗಡೆಯಾದವನನ್ನು ಸಮಿತಿಗೆ ಒಪ್ಪಿಸುವುದು ಇಂದಿಗೂ ವೈಯಕ್ತಿಕ ಪರಿಚಯದ ಮೇಲೆಯೇ ನಡೆದಿದೆ.

ಇಷ್ಟರಲ್ಲೂ ಕೆಲವರು ಲೆಕ್ಕಕ್ಕೇ ಬಂದಿಲ್ಲ. ಶಿಬಿರಗಳು ಗಂಡಸರಿಗೆಂದೇ ರೂಪುಗೊಂಡವು. ಕುಡಿಯುವ ಹೆಂಗಸು ಅಲ್ಲಿಗೆ ಬರಲಾರಳು, ಮನೆಯವರೂ ಹೇಳಲಾರರು. ಗುಟ್ಕಾದ ಮಾತು ಎತ್ತಿದರೆ ಭೀಮಸಮುದ್ರ, ಹೊಳಲ್ಕೆರೆಯ ಅಡಿಕೆ ನೆನಪಾಗಿ ವೇದಿಕೆಯ ಮೇಲಿನವರ ದನಿ ತಗ್ಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಲೆಕ್ಕದ್ದೇ, ಎಂಟು ದಿನದ ಶಿಬಿರ ಮುಗಿದ ಒಂಬತ್ತನೇ ದಿನದಿಂದಾಚೆಯ ಲೆಕ್ಕದ್ದು. ವರದಿಗಳಲ್ಲಿ ಎಷ್ಟನೇ ಶಿಬಿರ, ಎಷ್ಟು ಶಿಬಿರಾರ್ಥಿಗಳು, ಯಾರು ಉದ್ಘಾಟಿಸಿದರು ಎಂಬುದೆಲ್ಲ ಇರುತ್ತದೆ. ವರ್ಷದ ನಂತರ ಅವರಲ್ಲಿ ಎಷ್ಟು ಜನ ನೆಟ್ಟಗಿದ್ದಾರೆ, ಜಾರಿದವರು ಎಷ್ಟು ಸಲ ಮರಳಿ ಬಂದರು ಎಂಬ ಸಾಲು ನನ್ನ ಕೈಗೆ ಬಂದ ವರದಿಗಳಲ್ಲಿ ಅಪರೂಪ.

ಹಾಗಾಗಿ ಮುಂದಿನ ಶಿಬಿರದ ಸಮಿತಿಯವರಲ್ಲಿ ಒಂದು ವಿನಂತಿ: ಶಾಮಿಯಾನ, ಊಟದ ಖರ್ಚಿನ ಪಟ್ಟಿಯಲ್ಲೇ ಒಂದು ವರ್ಷದ ಮನೆಭೇಟಿಯ ಖರ್ಚನ್ನೂ ಬರೆಯಿರಿ. ಶಿಬಿರದವರೆಗೆ ಕಾಯಲಾಗದ ಮನೆಯವರು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.